ಸ್ಲೀವ್ ಸರ್ಜರಿಯ ನಂತರ ಹೊಟ್ಟೆಯ ಸಿರೆಗಳಲ್ಲಿ ರಕ್ತ ಹೆಪ್ಪುಗಟ್ಟಿದರೆ ಏನು ಮಾಡಬೇಕು

ಜಠರದ ದೊಡ್ಡ ಭಾಗ ಕತ್ತರಿಸಿ ತೆಗೆದು ತೂಕ ಇಳಿಸುವ ಸ್ಲೀವ್ ಸರ್ಜರಿ ಆದವರಲ್ಲಿ, ಕರುಳಿನಿಂದ ಯಕೃತ್ತಿಗೆ ರಕ್ತ ಒಯ್ಯುವ ಪೋರ್ಟಲ್ ಮತ್ತು ಮೆಸೆಂಟರಿಕ್ ಸಿರೆಗಳು ಹೆಪ್ಪುಗಟ್ಟುವುದು ಅಪರೂಪ. ಆದರೆ ಆದಾಗ ಹೆಚ್ಚಾಗಿ ಡಿಸ್ಚಾರ್ಜ್ ಆದ ಮೇಲೆ, ಎರಡನೇ ವಾರದ ಆಸುಪಾಸಿನಲ್ಲೇ ಆಗುತ್ತದೆ. ಹಾಗಾಗಿ ಮನೆಯಲ್ಲಿ ಗ್ಯಾಸ್ ಎಂದುಕೊಂಡು ಮಾತ್ರೆ ನುಂಗಿ ದಿನ ದೂಡುವುದೇ ಜಾಸ್ತಿ. ಹೊಟ್ಟೆನೋವು ದಿನೇ ದಿನೇ ಏರುತ್ತಿದ್ದರೆ, ಅದು ಬೆನ್ನಿಗೂ ಹರಡಿದರೆ, ಜೊತೆಗೆ ವಾಂತಿಯಾಗಿ ನೀರೂ ನಿಲ್ಲದಿದ್ದರೆ, ಅವತ್ತೇ ಸರ್ಜರಿ ಆದ ಆಸ್ಪತ್ರೆಗೆ ಹೋಗಿ. ನೀರು ಕಡಿಮೆ ಕುಡಿದವರು, ಸಿಗರೇಟು ಸೇದುವವರು, ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುವವರು, ಮನೆತನದಲ್ಲಿ ರಕ್ತ ಹೆಪ್ಪುಗಟ್ಟುವ ಕಾಯಿಲೆ ಇರುವವರು ಇನ್ನೂ ಎಚ್ಚರವಾಗಿರಬೇಕು.

ಬೇಕಾದ ಪರೀಕ್ಷೆ ಕಾಂಟ್ರಾಸ್ಟ್ (ರಕ್ತನಾಳ ಎದ್ದು ಕಾಣಿಸುವ ದ್ರವ) ಹಾಕಿ ಮಾಡುವ ಸಿ.ಟಿ. ಸ್ಕ್ಯಾನ್, ಅದೂ ಸಿರೆಗಳು ತುಂಬಿ ಕಾಣುವ ಹಂತದಲ್ಲಿ ತೆಗೆದದ್ದು. ದಪ್ಪ ಹೊಟ್ಟೆಯಲ್ಲಿ, ಕರುಳಿನ ಗಾಳಿಯ ನಡುವೆ, ಅಲ್ಟ್ರಾಸೌಂಡಿನಿಂದ ರಕ್ತದ ಹರಿವು ನೋಡುವ ಡಾಪ್ಲರ್‌ಗೆ ಹೆಪ್ಪು ತಪ್ಪಿಹೋಗಬಹುದು. ಅಂಗಗಳಿಗೆ ರಕ್ತ ಸಾಲದಾದಾಗ ಏರುವ ರಕ್ತದ ಲ್ಯಾಕ್ಟೇಟ್ ನಾರ್ಮಲ್ ಬಂತೆಂದು ಸುಮ್ಮನಾಗಬಾರದು. ಕರುಳು ಕೆಡುವ ಮುಂಚೆ ಅದು ಏರದೆಯೂ ಇರಬಹುದು.

ಹೆಪ್ಪು ಖಚಿತವಾದರೆ ಬಾಯಿಂದ ಏನೂ ಕೊಡದೆ ಡ್ರಿಪ್ ಹಾಕಿ, ತಡಮಾಡದೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಶುರು ಮಾಡುತ್ತಾರೆ. ಆಪರೇಷನ್ ಬೇಕಾಗಬಹುದೆಂಬ ಅನುಮಾನವಿದ್ದರೆ ಡ್ರಿಪ್‌ನಲ್ಲಿ ಕೊಡುವ ಹೆಪಾರಿನ್ ಮೇಲು, ಬೇಕೆಂದಾಗ ನಿಲ್ಲಿಸಬಹುದು: ಮೊದಲು ಕಿಲೋಗೆ 80 ಯೂನಿಟ್, ಆಮೇಲೆ ಗಂಟೆಗೆ ಕಿಲೋಗೆ 18 ಯೂನಿಟ್, ರಕ್ತಪರೀಕ್ಷೆ ನೋಡಿ ಹೆಚ್ಚುಕಡಿಮೆ ಮಾಡುತ್ತಾರೆ. ಸ್ಥಿರವಾಗಿರುವವರಿಗೆ ಚರ್ಮದಡಿ ಚುಚ್ಚುವ ಎನೋಕ್ಸಾಪರಿನ್ (ಹೆಪಾರಿನ್‌ನದೇ ಒಂದು ಬಗೆ), 12 ಗಂಟೆಗೊಮ್ಮೆ ಕಿಲೋಗೆ 1 ಮಿ.ಗ್ರಾಂ. ಕಿಡ್ನಿ ತೀರಾ ದುರ್ಬಲವಾಗಿದ್ದರೆ ದಿನಕ್ಕೊಮ್ಮೆ ಮಾತ್ರ. 100 ಕೆ.ಜಿ. ಇರುವವರಿಗೆ 60 ಮತ್ತು 40ರ ಎರಡು ಸಿರಿಂಜ್ ಸೇರಿಸಿ ಕೊಡಬೇಕಾದೀತು. ತೂಕ ತುಂಬಾ ಜಾಸ್ತಿಯಿದ್ದರೆ ಡೋಸ್ ಸರಿಯಿದೆಯೇ ಎಂದು ತೋರಿಸುವ ಆಂಟಿ-ಟೆನ್-ಎ ರಕ್ತಪರೀಕ್ಷೆ ಮಾಡಿಸುವುದು ಒಳ್ಳೆಯದು. ಹೊಟ್ಟೆ ಕಲ್ಲಿನಂತೆ ಗಟ್ಟಿಯಾದರೆ, ಬಿ.ಪಿ. ಇಳಿದರೆ, ಕರುಳು ಸತ್ತಿರಬಹುದು. ಆಗ ಔಷಧಿ ಸಾಲದು, ಆ ತುಂಡು ಕತ್ತರಿಸಿ ತೆಗೆಯಬೇಕು.

ಮನೆಯಲ್ಲಿ ಎನೋಕ್ಸಾಪರಿನ್ ಚುಚ್ಚುವಾಗ ಹೊಕ್ಕುಳಿಂದ ಮೂರು ಬೆರಳಷ್ಟು ದೂರ, ಸರ್ಜರಿಯ ಗಾಯಗಳನ್ನು ಬಿಟ್ಟು, ಚರ್ಮ ಹಿಡಿದೆತ್ತಿ ಸೂಜಿ ನೆಟ್ಟಗೆ ಇಳಿಸಿ. ಪೂರ್ತಿ ಡೋಸ್ ಕೊಡುವುದಾದರೆ ಸಿರಿಂಜಿನ ಗಾಳಿಗುಳ್ಳೆ ತೆಗೆಯಬೇಡಿ. ಚುಚ್ಚಿದ ಜಾಗ ಉಜ್ಜಿದರೆ ನೀಲಿಗಟ್ಟುತ್ತದೆ.

ರಿವಾರಾಕ್ಸಬಾನ್‌ನಂಥ, ಹೆಪ್ಪು ತಡೆಯುವ ಮಾತ್ರೆಗೆ ಬೇಗ ಬದಲಿಸುವ ಆತುರ ಬೇಡ. ಹೊಟ್ಟೆ ಚಿಕ್ಕದಾಗಿ, ಊಟ ಕಡಿಮೆಯಾಗಿರುವಾಗ ಮಾತ್ರೆ ರಕ್ತಕ್ಕೆ ಎಷ್ಟು ಸೇರುತ್ತದೆಂಬ ಭರವಸೆಯಿಲ್ಲ. ಸರ್ಜರಿಯ ನಂತರದ ಮೊದಲ ನಾಲ್ಕು ವಾರವಾದರೂ ಇಂಜೆಕ್ಷನ್ನೇ ಇರಲಿ. ಹೆಪ್ಪು ತಡೆಯುವ ಇನ್ನೊಂದು ಮಾತ್ರೆ ವಾರ್ಫರಿನ್ ಆರಿಸಿದರೆ ಐ.ಎನ್.ಆರ್. (ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯದ ಅಳತೆ) 2ರಿಂದ 3ರ ನಡುವೆ ನಿಲ್ಲುವವರೆಗೆ, ಕನಿಷ್ಠ 5 ದಿನ, ಇಂಜೆಕ್ಷನ್ ಜೊತೆಗೇ ಸಾಗಬೇಕು. ಊಟ ಕಡಿಮೆಯಾದಾಗ ವಾರ್ಫರಿನ್ ಸಣ್ಣ ಡೋಸಿಗೂ ಜೋರಾಗಿ ಕೆಲಸ ಮಾಡುವುದರಿಂದ ಮೊದಲ ವಾರಗಳಲ್ಲಿ ಪರೀಕ್ಷೆ ಪದೇ ಪದೇ ಬೇಕು. ಸೊಪ್ಪಿನಲ್ಲಿರುವ ವಿಟಮಿನ್ ಕೆ ವಾರ್ಫರಿನ್ನಿನ ಪರಿಣಾಮ ತಗ್ಗಿಸುತ್ತದೆಂದು ಸೊಪ್ಪು ಬಿಡಬೇಕಿಲ್ಲ, ದಿನಾ ಹೆಚ್ಚುಕಡಿಮೆ ಅಷ್ಟೇ ತಿಂದರಾಯಿತು. ನೋವಿಗೆ ಐಬುಪ್ರೊಫೆನ್, ಡೈಕ್ಲೊಫೆನಾಕ್ ಬೇಡ. ಒಳಗೆ ರಕ್ತಸ್ರಾವದ ಸೂಚನೆಯಾದ ಕಪ್ಪು ಮಲ ಕಂಡರೆ ಆಸ್ಪತ್ರೆಗೆ ಓಡಿ.

ಚಿಕಿತ್ಸೆ ಸಾಮಾನ್ಯವಾಗಿ 3ರಿಂದ 6 ತಿಂಗಳು. ಹೆಪ್ಪುಗಟ್ಟುವ ಸ್ವಭಾವವೇ ರಕ್ತದಲ್ಲಿದ್ದರೆ ಇನ್ನೂ ಹೆಚ್ಚು. ಮಧ್ಯೆ ಸ್ಕ್ಯಾನ್ ಮಾಡಿಸಿದಾಗ ಪೋರ್ಟಲ್ ಸಿರೆ ತೆರೆದಿರದಿದ್ದರೆ, ಅನ್ನನಾಳದಲ್ಲಿ ಉಬ್ಬಿದ ಸಿರೆಗಳಿವೆಯೇ ಎಂದು ಎಂಡೋಸ್ಕೋಪಿ ಮಾಡಿಸಬೇಕು.