ಓಡುವ ನಾಯಿಯನ್ನು ದೂರದಿಂದಲೇ ಮಲಗಿಸಿದ್ದು: ನನ್ನ ಅನುಭವ

ನಮ್ಮ ದ್ರಾಕ್ಷಿ ತೋಟ ಇರುವುದು ಚಿಕ್ಕಬಳ್ಳಾಪುರದ ಹತ್ತಿರ, ಹೈದರಾಬಾದ್ ಹೆದ್ದಾರಿಯ ಸರ್ವಿಸ್ ರಸ್ತೆಗೆ ಅಂಟಿಕೊಂಡೇ. ನಮ್ಮ ನಾಯಿಯ ಹೆಸರು ಕರಿಯ, ನಾಟಿ ತಳಿ. ಕಟ್ಟಿಹಾಕಿದರೆ ತೋಟ ಕಾಯುವವರಿಲ್ಲ, ಬಿಟ್ಟರೆ ನವಿಲು ಕಂಡ ಕೂಡಲೇ ರಸ್ತೆಗೆ ನುಗ್ಗುತ್ತಾನೆ. ಅದಕ್ಕೇ ಅಪಾಯದ ಹೊತ್ತಿಗೆ ಅಂತಲೇ ಒಂದು ಮಾತು ಕಲಿಸಿದೆ.

ಕೇಳಿದವರೆಲ್ಲ 'ಬಾ' ಅಂತ ಕಲಿಸಿ ಎಂದರು. ನನಗೆ ಒಪ್ಪಿಗೆಯಾಗಲಿಲ್ಲ. ನಾಯಿ ರಸ್ತೆಯ ಆಚೆ, ನಾನು ಈಚೆ, ನಡುವೆ ಲಾರಿ. ಆಗ ಕರೆದರೆ ನಾವೇ ಚಕ್ರದಡಿಗೆ ಕರೆದ ಹಾಗೆ, ಅಲ್ವಾ? ಇದ್ದಲ್ಲೇ ಮಲಗಿಬಿಟ್ಟರೆ ಸಾಕು. ಬರೀ ನಿಂತ ನಾಯಿ ಮತ್ತೆ ಓಡುವುದು ಬೇಗ. 'ಡೌನ್' ಎಂಬ ಮಾತು ಇಟ್ಟುಕೊಂಡೆ, ಏಕೆಂದರೆ ನಮ್ಮ ಮನೆಯಲ್ಲಿ ಅದನ್ನು ಬೇರೆ ಯಾವುದಕ್ಕೂ ಯಾರೂ ಬಳಸುವುದಿಲ್ಲ.

ಊಟಕ್ಕೆ ಮುಂಚೆ, ಹಸಿವಿದ್ದಾಗ ಶುರು ಮಾಡುತ್ತಿದ್ದೆ. ಬೇಯಿಸಿದ ಕೋಳಿ ಲಿವರ್, ಸಣ್ಣ ಚೂರು. ಈರುಳ್ಳಿ, ಬೆಳ್ಳುಳ್ಳಿ ಹಾಕಬಾರದು, ನಾಯಿಗೆ ಅವು ವಿಷ. ಚೂರನ್ನು ಮೂಗಿನ ಮುಂದೆ ಹಿಡಿದು ನಿಧಾನವಾಗಿ ನೆಲಕ್ಕೆ ಇಳಿಸಿದರೆ ತಾನಾಗಿಯೇ ಮಲಗುತ್ತಾನೆ. ಮೊಣಕೈ ನೆಲಕ್ಕೆ ತಾಗಿದ ಕೂಡಲೇ ಕೊಡಬೇಕು. ಇಷ್ಟು ಸುಲಭ.

ಕಷ್ಟ ಆದದ್ದು ದೂರದಲ್ಲಿ. ಹತ್ತಾರು ಹೆಜ್ಜೆ ಆಚೆ ಇದ್ದಾಗ ಹೇಳಿದರೆ ಓಡಿ ಬಂದು ನನ್ನ ಕಾಲ ಬಳಿ ಮಲಗುತ್ತಿದ್ದ. ಲಿವರ್ ನನ್ನ ಕೈಯಲ್ಲಿದ್ದರೆ ಬರದೆ ಇನ್ನೇನು ಮಾಡುತ್ತಾನೆ? ಹಾಗಾಗಿ ಚೂರನ್ನು ಅವನ ಹಿಂದಕ್ಕೆ ಎಸೆಯತೊಡಗಿದೆ. ಎದೆಗೆ ಸುತ್ತಿ ಹಾಕುವ ಬಾಡಿ ಬೆಲ್ಟಿಗೆ ಹಗ್ಗ ಕಟ್ಟಿ, ಇನ್ನೊಂದು ತುದಿಯನ್ನು ಅವನ ಹಿಂದಿದ್ದ ಚಪ್ಪರದ ಕಲ್ಲುಕಂಬಕ್ಕೆ ಬಿಗಿದೆ. ಮುಂದಕ್ಕೆ ಬರಲು ಆಗದು, ತಿಂಡಿಯೂ ಹಿಂದೆಯೇ ಬೀಳುತ್ತದೆ. ನಿಧಾನಕ್ಕೆ ಇದ್ದಲ್ಲೇ ಮಲಗುವುದು ರೂಢಿಯಾಯಿತು. ಕುತ್ತಿಗೆಯ ಬೆಲ್ಟಿಗೆ ಮಾತ್ರ ಕಟ್ಟಬೇಡಿ, ಜಗ್ಗಿದರೆ ಗಂಟಲಿಗೆ ಪೆಟ್ಟು. ಮಲಗಿದ ಮೇಲೆ ನಾನು ಅಲ್ಲಿಂದ ಕರೆಯುವುದಿಲ್ಲ. ನಾನೇ ಹೋಗಿ ಬೆಲ್ಟ್ ಹಿಡಿದು, ಇನ್ನೊಂದು ಚೂರು ಕೊಟ್ಟು, 'ಹೋಗು' ಅಂತ ಬಿಡುತ್ತೇನೆ.

ಜಾಸ್ತಿ ಜನ ಮರೆಯುವುದು ದನಿಯನ್ನು. ಗಾಬರಿಯಲ್ಲಿ ಯಾರ ದನಿಯೂ ಮೆತ್ತಗಿರುವುದಿಲ್ಲ. ಅಂಗಳದಲ್ಲಿ ಮುದ್ದಾಗಿ ಕಲಿಸಿದ್ದನ್ನು ರಸ್ತೆಯಲ್ಲಿ ಕಿರುಚಿದರೆ ನಾಯಿಗೆ ಅದು ಬೇರೆಯದೇ ಸದ್ದು. ಹೆದರಿ ಇನ್ನೂ ದೂರ ಓಡಬಹುದು. ದಿನದಿಂದ ದಿನಕ್ಕೆ ದನಿ ಏರಿಸುತ್ತಾ, ಕೊನೆಗೆ ಗಂಟಲು ಹರಿಯುವಂತೆ ಕೂಗಿ ಲಿವರ್ ಕೊಡುತ್ತಿದ್ದೆ. ಪಕ್ಕದ ತೋಟದವರು "ಏನಾಯ್ತಣ್ಣಾ?" ಅಂತ ಓಡಿ ಬಂದದ್ದೂ ಉಂಟು. ನನ್ನ ಹೆಂಡತಿಯ ದನಿಗೂ ಬೇರೆಯಾಗಿಯೇ ಅಭ್ಯಾಸ ಮಾಡಿಸಿದೆವು. ಮಕ್ಕಳು ಸುಮ್ನೆ ತಮಾಷೆಗೆ ಆ ಮಾತು ಹೇಳಬಾರದು ಅಂತ ಕಟ್ಟಪ್ಪಣೆ. ಸ್ನಾನ ಮಾಡಿಸಲು, ಇಂಜೆಕ್ಷನ್‌ಗೆ ಹಿಡಿಯಲು ನಾವೂ ಹೇಳುವುದಿಲ್ಲ.

ಅಂಗಳದಲ್ಲಿ ಕಲಿತದ್ದು ತೋಟದಲ್ಲಿ ಬಾರದು. ಚಪ್ಪರದ ಕೆಳಗೆ, ಟ್ರ್ಯಾಕ್ಟರ್ ಪಕ್ಕ, ಆಮೇಲೆ ಹಗ್ಗ ಹಿಡಿದು ರಸ್ತೆ ಬದಿ, ಹೀಗೆ ಪ್ರತಿ ಜಾಗದಲ್ಲೂ ಹತ್ತಿರದಿಂದ ಮತ್ತೆ ಶುರು.

ನಮಗೆ ಇದು ರಸ್ತೆಗಿಂತ ಹೆಚ್ಚು ಉಪಯೋಗಕ್ಕೆ ಬರುವುದು ಕೊಯ್ಲಿನಲ್ಲಿ. ದ್ರಾಕ್ಷಿ ತಿಂದರೆ ನಾಯಿಯ ಮೂತ್ರಪಿಂಡ ಕೆಡಬಹುದು. ಒಣದ್ರಾಕ್ಷಿಯೂ ಅಷ್ಟೇ. ಕೆಲವು ನಾಯಿಗಳಿಗೆ ಸ್ವಲ್ಪ ತಿಂದರೂ ಸಾಕು. ಉದುರಿದ ಬೆಂಗಳೂರು ಬ್ಲೂ ದ್ರಾಕ್ಷಿಯ ರಾಶಿಯ ಕಡೆ ಕರಿಯ ಮೂಗು ತಿರುಗಿಸಿದರೆ ಒಂದೇ ಕೂಗು, ಅಲ್ಲೇ ಮಲಗುತ್ತಾನೆ. ಈಗಲೂ ವಾರಕ್ಕೊಮ್ಮೆಯಾದರೂ ಯಾವ ಅಪಾಯವೂ ಇಲ್ಲದಾಗ ಕೂಗಿ ಲಿವರ್ ಕೊಡುತ್ತೇನೆ.

ಊರಿನ ಹೆಣ್ಣುನಾಯಿಗಳು ಬೆದೆಗೆ ಬಂದಾಗ ಮಾತ್ರ ಕರಿಯನಿಗೆ ಕಿವಿಯೇ ಕೇಳುವುದಿಲ್ಲ. ಆ ವಾರಗಳಲ್ಲಿ ಅವನನ್ನು ಪಂಪ್ ಶೆಡ್ಡಿನ ಬಳಿ ಕಟ್ಟಿಹಾಕುತ್ತೇವೆ.