ಸರ್ಕಾರದ ಭಾರ ಇಳಿಸಬೇಕಾ? ಒಂದು ಅರ್ಜಿಯಿಂದ ಶುರು ಮಾಡಿ

ಮೊದಲೇ ಇಲಾಖೆಗಳನ್ನು ಮುಚ್ಚಲು ಹೋಗಬೇಡಿ. ಒಂದೇ ಒಂದು ಅರ್ಜಿ ಹಿಡಿಯಿರಿ. ಅದು ಜನರ ಕೈಯಿಂದ ಹೊರಟು ಕೊನೆಯ ಸಹಿ ಬೀಳುವವರೆಗೆ ಎಷ್ಟು ಮೇಜು ದಾಟುತ್ತದೆ, ಯಾವ ಮೇಜಿನಲ್ಲಿ ಎಷ್ಟು ದಿನ ಸುಮ್ನೆ ಕೂತಿರುತ್ತದೆ ಅಂತ ಬರೆದುಕೊಳ್ಳಿ. ಮೂರನೇ ಸಹಿ ಹಾಕುವವರು ಏನು ನೋಡುತ್ತಾರೆ ಅಂತ ಕೇಳಿ. ಮೊದಲಿನ ಎರಡು ಸಹಿ ಇದೆಯಾ ಅಂತ ಮಾತ್ರ ನೋಡುವುದಾದರೆ ಆ ಸಹಿ ಬೇಡ, ತೆಗೆಯಿರಿ.

ಹುಟ್ಟಿದ ದಿನಾಂಕ ಸರ್ಕಾರದ ಹತ್ತಿರ ಆಗಲೇ ಇದೆ ಅಲ್ವಾ, ಮತ್ತೆ ಯಾಕೆ ಕೇಳಬೇಕು? ಯುರೋಪಿನ ಎಸ್ಟೋನಿಯಾ ದೇಶ 2001ರಲ್ಲಿ ಎಕ್ಸ್-ರೋಡ್ ಅನ್ನುವ ವ್ಯವಸ್ಥೆ ತಂದು ಇಲಾಖೆಗಳ ದಾಖಲೆಗಳನ್ನು ಜೋಡಿಸಿತು. ಒಮ್ಮೆ ಕೊಟ್ಟ ಮಾಹಿತಿಯನ್ನು ಮತ್ತೆ ಕೇಳಬಾರದು ಅನ್ನುವುದು ಅಲ್ಲಿನ ತತ್ವ. ನನಗೆ ತುಂಬಾ ಇಷ್ಟವಾದ ಸುಧಾರಣೆ ಇದೇ, ಯಾಕಂದರೆ ಜನರ ಅಲೆದಾಟವೂ ತಪ್ಪುತ್ತದೆ, ಸಿಬ್ಬಂದಿಯ ಕೆಲಸವೂ ಹಗುರಾಗುತ್ತದೆ.

ಹೊಸ ನಿಯಮ ತಂದರೆ ಹಳೆಯದೊಂದನ್ನು ತೆಗೆಯಿರಿ. ಉದ್ಯಮಗಳ ಕಾಗದಪತ್ರದ ಹೊರೆಯ ವಿಷಯದಲ್ಲಿ ಕೆನಡಾ ಇದನ್ನು 2015ರಲ್ಲಿ ಕಾನೂನೇ ಮಾಡಿತು.

ಸಿಬ್ಬಂದಿ ಕಡಿತ ಕೊನೆಗಿರಲಿ. ಕೆಲಸ ಇಳಿಸದೆ ಜನರನ್ನು ಮಾತ್ರ ಇಳಿಸಿದರೆ ಉಳಿದವರ ಮೇಜಿನ ಮೇಲೆ ಕಡತ ಇನ್ನೂ ಜಾಸ್ತಿ ಆಗುತ್ತದೆ. ಯಾವ ಕೆಲಸ ದಂಡ ಅಂತ ಕೌಂಟರಿನಲ್ಲಿ ಕೂತವರಿಗೇ ಚೆನ್ನಾಗಿ ಗೊತ್ತಿರುತ್ತದೆ, ಅವರನ್ನು ಕೇಳಿ.