ಕಲಬುರಗಿ ಬಿಸಿಲಿಗೆ ಹೊಂದುವ ಫಜ್ ಪೆಡಲ್: ನನ್ನ ಅನುಭವ

ಗಿಟಾರಿನ ಪೆಡಲ್ ಮನೆಯಲ್ಲೇ ಕಟ್ಟಬೇಕು ಅನ್ನುವವರು ಸಾಮಾನ್ಯವಾಗಿ ಮೊದಲು ಕೈಹಾಕುವುದು ಫಜ್ ಫೇಸ್ ಸರ್ಕ್ಯೂಟಿಗೆ, ಅಂದರೆ ಗಿಟಾರಿನ ದನಿಯನ್ನು ಬೇಕಂತಲೇ ಒಡೆದು ದಪ್ಪ ಮಾಡುವ ಪೆಡಲಿಗೆ. ನಾನೂ ಅದಕ್ಕೇ ಕೈಹಾಕಿದೆ. 1966ರಲ್ಲಿ ಲಂಡನ್ನಿನ ಆರ್ಬಿಟರ್ ಕಂಪನಿ ಮಾರುಕಟ್ಟೆಗೆ ಬಿಟ್ಟ ಪೆಡಲ್ ಅದು. ರಾಕ್ ಗಿಟಾರಿಸ್ಟ್ ಜಿಮಿ ಹೆಂಡ್ರಿಕ್ಸ್ ಕಾಲಡಿ ಇದ್ದದ್ದೂ ಅದೇ. ಒಳಗೆ ನೋಡಿದರೆ ಎರಡು ಟ್ರಾನ್ಸಿಸ್ಟರ್, ನಾಲ್ಕು ರೆಸಿಸ್ಟರ್, ಮೂರು ಕೆಪಾಸಿಟರ್, ಎರಡು ಪಾಟ್ (ತಿರುಗಿಸುವ ಗುಂಡಿ). ಮತ್ತೇನಿಲ್ಲ. ಫುಟ್‌ಸ್ವಿಚ್, ಜ್ಯಾಕ್ ಬಿಟ್ಟರೆ ಉಳಿದದ್ದಕ್ಕೆ ಎರಡು ಪ್ಲೇಟ್ ತಹರಿಯ ದುಡ್ಡು ಸಾಕು.

ಆದರೆ ಈ ಸರ್ಕ್ಯೂಟ್ ಇಂಗ್ಲೆಂಡಿನ ತಂಪಿನಲ್ಲಿ ಹುಟ್ಟಿದ್ದು. ಮೇ ತಿಂಗಳಲ್ಲಿ 43 ಡಿಗ್ರಿ ದಾಟುವ ನಮ್ಮೂರಲ್ಲಿ ಅದು ಹೇಗೆ ವರ್ತಿಸುತ್ತದೆ ಅನ್ನುವುದು ನಕ್ಷೆಯಲ್ಲಿ ಬರೆದಿರುವುದಿಲ್ಲ.

ಮೂಲ ಪೆಡಲಿನಲ್ಲಿ ಇದ್ದದ್ದು ಜರ್ಮೇನಿಯಂ ಟ್ರಾನ್ಸಿಸ್ಟರ್. ಆ ಜಾತಿಯ ಎಸಿ 128 ಸಿಕ್ಕೀತೇ ಎಂದು ಸೂಪರ್ ಮಾರ್ಕೆಟ್ ಕಡೆಯ ಒಬ್ಬ ಹಳೇ ರೇಡಿಯೊ ರಿಪೇರಿ ಚಾಚಾ ಹತ್ತಿರ ಹೋದೆ. "ಈಗಿನ ಕಾಲದಾಗ ಇವು ಯಾರಿಗ್ ಬೇಕಾಗ್ಯಾವ ತಮ್ಮಾ? ಆ ಡಬ್ಬಿ ಒಳಗ ಅವ ನೋಡು, ಬಿಚ್ಕೊಂಡ್ ಹೋಗು" ಅಂದರು. ಹಳೇ ಟ್ರಾನ್ಸಿಸ್ಟರ್ ರೇಡಿಯೊಗಳಲ್ಲಿ ಸ್ಪೀಕರ್ ಓಡಿಸುತ್ತಿದ್ದದ್ದು ಇವೇ, ಲೋಹದ ಟೊಪ್ಪಿಗೆಯ ಪುಟ್ಟ ಟ್ರಾನ್ಸಿಸ್ಟರ್‌ಗಳು. ಕೆಲವದರ ಮೇಲೆ ನಮ್ಮ ಬೆಂಗಳೂರಿನ ಬಿಇಎಲ್ ಮುದ್ರೆ ಇನ್ನೂ ಓದಲು ಬರುವಂತಿತ್ತು.

ಇವನ್ನು ಮಲ್ಟಿಮೀಟರಿನ ಎಚ್‌ಎಫ್‌ಇ ತೂತಿಗೆ (ಗೇನ್, ಅಂದರೆ ಕರೆಂಟನ್ನು ಎಷ್ಟು ಪಟ್ಟು ಹೆಚ್ಚಿಸುತ್ತದೆ ಎಂದು ಅಳೆಯುವ ಜಾಗ) ಹಾಕಿ ನೋಡಿದರೆ ಮೀಟರ್ ಸುಳ್ಳು ಹೇಳುತ್ತದೆ. ಜರ್ಮೇನಿಯಂನಲ್ಲಿ ಕರೆಂಟ್ ತಾನಾಗಿ ಸೋರುತ್ತದೆ, ಆ ಸೋರಿಕೆಯನ್ನೂ ಮೀಟರ್ ಗೇನ್ ಎಂದೇ ಎಣಿಸುತ್ತದೆ. ಅದಕ್ಕೆ 9 ವೋಲ್ಟ್ ಬ್ಯಾಟರಿ, ಟ್ರಾನ್ಸಿಸ್ಟರಿನ ಮೂರು ಕಾಲುಗಳಲ್ಲಿ (ಕಲೆಕ್ಟರ್, ಬೇಸ್, ಎಮಿಟರ್) ಕಲೆಕ್ಟರಿಗೆ 2.4ಕೆ (ಕಿಲೊ ಓಮ್) ರೆಸಿಸ್ಟರ್, ಬೇಸಿಗೆ 2.2 ಮೆಗಾ ಓಮ್ ಇಟ್ಟುಕೊಂಡು ಅಳೆಯಬೇಕು. ಬೇಸ್ ಬಿಟ್ಟಿರುವಾಗ 2.4ಕೆ ಮೇಲೆ ಕಾಣುವ ವೋಲ್ಟೇಜ್ ಬರೀ ಸೋರಿಕೆಯದು. 2.2 ಮೆಗಾ ಜೋಡಿಸಿದ ಮೇಲೆ ಎಷ್ಟು ಏರಿತೋ ಅಷ್ಟೇ ನಿಜವಾದ ಗೇನ್. ಒಂದು ವೋಲ್ಟ್ ಏರಿದರೆ ಸುಮಾರು 100 ಎಂದು ಲೆಕ್ಕ. ಮೊದಲನೆಯ ಸ್ಥಾನಕ್ಕೆ 80ರ ಆಸುಪಾಸಿನದು, ಎರಡನೆಯದಕ್ಕೆ 120ರ ಹತ್ತಿರದ್ದು ಆರಿಸಿದೆ.

ಡಿಸೆಂಬರಿನಲ್ಲಿ ಎರಡನೇ ಟ್ರಾನ್ಸಿಸ್ಟರಿನ ಕಲೆಕ್ಟರ್ ಬೇಕಾದ ನಾಲ್ಕೂವರೆ ವೋಲ್ಟಿಗೆ ಸರಿಯಾಗಿ ನಿಂತಿತು. ದನಿ ಅಂದರೆ ದನಿ! ದಪ್ಪ, ಮೆತ್ತಗೆ, ಗಿಟಾರಿನ ವಾಲ್ಯೂಮ್ ಸ್ವಲ್ಪ ಇಳಿಸಿದರೆ ತಿಳಿಯಾಗುತ್ತಿತ್ತು. ಏಪ್ರಿಲ್ ಮಧ್ಯಾಹ್ನ ಮೇಲ್ಮಹಡಿಯ ಕೋಣೆಯಲ್ಲಿ ಅದೇ ಪೆಡಲ್ ಅಳೆದರೆ ವೋಲ್ಟೇಜ್ ಆರು ದಾಟಿತ್ತು. ಸ್ವರ ಮೀಟಿದ ಕೂಡಲೇ ಫಟ್ಟನೆ ಕಡಿದುಹೋಗುತ್ತಿತ್ತು. ಟ್ರಾನ್ಸಿಸ್ಟರ್ ಕೆಟ್ಟಿರಲಿಲ್ಲ. ಜರ್ಮೇನಿಯಂನ ಸೋರಿಕೆ ಪ್ರತಿ ಹತ್ತು ಡಿಗ್ರಿಗೆ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಮೊದಲ ಟ್ರಾನ್ಸಿಸ್ಟರಿಗೆ 100ಕೆ ರೆಸಿಸ್ಟರ್ ಮೂಲಕ ಬರಬೇಕಾದ ಬೇಸ್ ಕರೆಂಟಿನ ಒಂದು ಪಾಲನ್ನು ಸೋರಿಕೆಯೇ ಒದಗಿಸಿಬಿಡುತ್ತದೆ. ಆಗ ಎರಡನೆಯದರ ಕರೆಂಟ್ ಇಳಿಯುತ್ತದೆ, ಅದರ ಕಲೆಕ್ಟರ್ ಬ್ಯಾಟರಿಯ ಕಡೆ ಏರುತ್ತದೆ. ಇದರ ಜೊತೆಗೆ ಎಸಿ 128 ಪಿಎನ್‌ಪಿ. ಅಂದರೆ ಇಲ್ಲಿ ಬ್ಯಾಟರಿಯ ಪ್ಲಸ್ ತುದಿಯೇ ನೆಲ (ಗ್ರೌಂಡ್), ಹೆಚ್ಚಿನ ಪೆಡಲುಗಳಲ್ಲಿ ಮೈನಸ್. ಬೇರೆ ಪೆಡಲುಗಳ ಜೊತೆ ಒಂದೇ ಅಡಾಪ್ಟರಿಗೆ ಕೊಟ್ಟರೆ ಶಾರ್ಟ್.

ಗಣಪತಿ ಮಂಟಪದಲ್ಲಿ ಆರ್ಕೆಸ್ಟ್ರಾ ನುಡಿಸುವವನಿಗೆ ಈ ನಖರಾ ಆಗಿಬರುವುದಿಲ್ಲ. ಸಿಲಿಕಾನ್‌ಗೆ ಬಂದೆ. ಎನ್‌ಪಿಎನ್ ಬಿಸಿ 547, ಯಾವ ಅಂಗಡಿಯಲ್ಲಾದರೂ ಸಿಗುತ್ತದೆ. 'ಎ' ಗುಂಪಿನದೇ ಕೇಳಿ ತಗೊಳ್ಳಿ, ಗೇನ್ 110ರಿಂದ 220. ಗೇನ್ ಇನ್ನೂ ಜಾಸ್ತಿ ಇರುವ 'ಸಿ' ಹಾಕಿದರೆ ಕಿರುಚುತ್ತದೆ.

ಆದರೆ ಜರ್ಮೇನಿಯಂ ನಕ್ಷೆಯ ಬೆಲೆಗಳನ್ನು ಹಾಗೇ ಇಟ್ಟರೆ ಸಿಲಿಕಾನ್ ಕೂರುವುದಿಲ್ಲ. ಜರ್ಮೇನಿಯಂನಲ್ಲಿ ಬೇಸ್–ಎಮಿಟರ್ ನಡುವೆ 0.2 ವೋಲ್ಟಿನಷ್ಟು, ಸಿಲಿಕಾನ್‌ನಲ್ಲಿ 0.6. ಎರಡನೆಯದರ ಕರೆಂಟ್ ಹೆಚ್ಚಿ ಅದರ ಕಲೆಕ್ಟರಿನ 8.2ಕೆ ರೆಸಿಸ್ಟರ್ ಮೇಲೆ ಆರು ವೋಲ್ಟಿಗೂ ಜಾಸ್ತಿ ಬಿದ್ದುಹೋಗುತ್ತದೆ. ಆ ರೆಸಿಸ್ಟರಿನ ಜಾಗದಲ್ಲಿ 10ಕೆ ಪ್ರಿಸೆಟ್ (ತಿರುಗಿಸಿ ಬೆಲೆ ಬದಲಿಸುವ ಪುಟ್ಟ ರೆಸಿಸ್ಟರ್) ಹಾಕಿ ಕಲೆಕ್ಟರನ್ನು ನಾಲ್ಕೂವರೆ ವೋಲ್ಟಿಗೆ ತಂದೆ. 6ಕೆ ಹತ್ತಿರ ನಿಂತಿತು. ನಮ್ಮ ಕಡೆ ಈ ಪ್ರಿಸೆಟ್ ತಿರುಗಿಸಬೇಕಾದದ್ದು ಮಧ್ಯಾಹ್ನ ಮೂರು ಗಂಟೆಗೆ, ಬೆಳಗಿನ ಆರಕ್ಕಲ್ಲ. ಕಾರ್ಯಕ್ರಮಕ್ಕೆ ಮುಂಚೆ ಸಾಮಾನು ನಿಲ್ಲುವುದು ಬಿಸಿಲಲ್ಲೇ. ಸಿಲಿಕಾನ್ ಆದ್ದರಿಂದ ಹಗಲು ರಾತ್ರಿಗೆ ಅತ್ತಿತ್ತ ಸರಿಯುವುದು ಸ್ವಲ್ಪವೇ. ಸಿಗ್ನಲ್ ತೆಗೆಯುವ 330 ಓಮ್ ಬದಲು 1ಕೆ ಹಾಕಿದೆ, ಇಲ್ಲದಿದ್ದರೆ ಡ್ರಮ್ಸ್ ನಡುವೆ ಗಿಟಾರ್ ಕೇಳಿಸುವುದಿಲ್ಲ.

ಬೋರ್ಡಿನ ವಿಚಾರ. ಅಂಗಡಿಯಲ್ಲಿ ಝೀರೋ ಪಿಸಿಬಿ ಕೇಳಿದರೆ ಚುಕ್ಕಿಯದು ಕೊಡುತ್ತಾರೆ. ಬೇಕಾದದ್ದು ತಾಮ್ರದ ಪಟ್ಟಿ ಉದ್ದಕ್ಕೆ ಓಡುವ ವೆರೋಬೋರ್ಡ್, ತೂತಿನಿಂದ ತೂತಿಗೆ 2.54 ಮಿಲಿಮೀಟರ್. ಬಿಸಿ 547ರ ಚಪ್ಪಟೆ ಮುಖ ನಮ್ಮ ಕಡೆ, ಕಾಲು ಕೆಳಗೆ ಹಿಡಿದರೆ ಎಡದಿಂದ ಕಲೆಕ್ಟರ್, ಬೇಸ್, ಎಮಿಟರ್. ಮೂರೂ ಪಕ್ಕಪಕ್ಕದ ಪಟ್ಟಿಗೆ ಇಳಿಯುತ್ತವೆ. ಪಟ್ಟಿ ಕಡಿಯಲು 4 ಎಂಎಂ ಡ್ರಿಲ್ ಬಿಟ್ಟನ್ನು ಬೆರಳಿನಲ್ಲೇ ಹಿಡಿದು ತೂತಿನ ಮೇಲೆ ತಿರುವಿದರೆ ಸಾಕು. ಕಡಿದ ಜಾಗದ ಅಂಚಿನಲ್ಲಿ ಕೂದಲೆಳೆಯಷ್ಟು ತಾಮ್ರ ಉಳಿದುಬಿಡುತ್ತದೆ. ಬೆಳಕಿಗೆ ಹಿಡಿದು ನೋಡಬೇಕು, ಮೀಟರಿನ ಬೀಪ್ ಹಚ್ಚಿ ಪಕ್ಕಪಕ್ಕದ ಪಟ್ಟಿಗಳನ್ನೆಲ್ಲ ಮುಟ್ಟಿಸಬೇಕು. ಟ್ರಾನ್ಸಿಸ್ಟರ್‌ಗಳನ್ನು ನೇರ ಬೆಸೆಯದೆ ಸಾಕೆಟ್ ಹಾಕಿದ್ದರಿಂದ ಬದಲಿಸಿ ಬದಲಿಸಿ ಕೇಳಲು ಆಯಿತು. 2.2 ಮೈಕ್ರೊಫ್ಯಾರಡ್ ಕೆಪಾಸಿಟರಿನ ಪ್ಲಸ್ ಬೇಸಿನ ಕಡೆಗೆ, 22ರ ಪ್ಲಸ್ ಫಜ್ ಪಾಟಿನ ನಡುಗಾಲಿಗೆ.

ಬೋರ್ಡ್ ಇನ್ನೂ ಮೇಜಿನ ಮೇಲೆ ಬಯಲಾಗಿದ್ದಾಗ ಗಿಟಾರ್ ಮುಟ್ಟದಿದ್ದರೂ ಆಂಪ್‌ನಲ್ಲಿ ಸಣ್ಣಗೆ ಯಾರೋ ಮಾತಾಡಿದ ಹಾಗಾಯಿತು. ಕಿವಿಗೊಟ್ಟರೆ ಆಕಾಶವಾಣಿ! ಇಷ್ಟು ಗೇನ್ ಇರುವ ಸಿಲಿಕಾನ್ ಜೋಡಿ ಮಧ್ಯಮ ತರಂಗವನ್ನು ತಾನೇ ಹಿಡಿದು ಬಿಡಿಸುತ್ತದೆ. ಮೊದಲ ಟ್ರಾನ್ಸಿಸ್ಟರಿನ ಬೇಸ್, ಕಲೆಕ್ಟರ್ ನಡುವೆ 100 ಪಿಕೊಫ್ಯಾರಡ್ ಹಾಕಿದೆ, ಅರ್ಧ ಹೋಯಿತು. ಉಳಿದರ್ಧ ಹೋದದ್ದು ಡಬ್ಬಿಗೆ ಸೇರಿಸಿ ಡಬ್ಬಿಯನ್ನೇ ನೆಲಕ್ಕೆ ಕೊಟ್ಟ ಮೇಲೆ. ಡಬ್ಬಿ ಬಾಂಡೆ ಅಂಗಡಿಯ ದಪ್ಪ ಅಲ್ಯೂಮಿನಿಯಂದು. ಸ್ಟೀಲ್ ಡಬ್ಬಿ ಅಗ್ಗ, ಆದರೆ ತೂತು ಕೊರೆಯುವಷ್ಟರಲ್ಲಿ ಬಿಟ್ ಸತ್ತುಹೋಗುತ್ತದೆ.

ಜ್ಯಾಕ್‌ಗೆ ಮೈಕ್‌ಸೆಟ್ ಅಂಗಡಿಯಲ್ಲಿ ಪಿ-38 ಅಂತ ಕೇಳಿ. ಒಳಬರುವ ಕಡೆಗೆ ಸ್ಟೀರಿಯೊ ಜ್ಯಾಕ್ ಹಾಕಿ, ಬ್ಯಾಟರಿಯ ಮೈನಸ್ ಅದರ ನಡುವಿನ ತುದಿಗೆ ಕೊಟ್ಟರೆ ವೈರ್ ಚುಚ್ಚಿದಾಗ ಮಾತ್ರ ಪೆಡಲ್ ಚಾಲೂ. ಒಂಬತ್ತು ಕಾಲಿನ ಫುಟ್‌ಸ್ವಿಚ್ ಮಾತ್ರ ಇಲ್ಲಿ ಸಿಗಲಿಲ್ಲ, ಆನ್‌ಲೈನ್‌ನಲ್ಲಿ ತರಿಸಿದೆ.

ಗಿಟಾರಿನ ನಂತರ ಮೊದಲು ಈ ಪೆಡಲೇ ಇರಬೇಕು, ನಡುವೆ ಬಫರ್ (ಗಿಟಾರನ್ನು ಮುಂದಿನ ಪೆಡಲಿನಿಂದ ಬೇರ್ಪಡಿಸುವ ಸರ್ಕ್ಯೂಟ್) ಇರುವ ಇನ್ನೊಂದು ಪೆಡಲ್ ಬಂದರೆ ವಾಲ್ಯೂಮ್ ಇಳಿಸಿ ದನಿ ತಿಳಿ ಮಾಡುವ ಆಟ ನಡೆಯುವುದಿಲ್ಲ. ಎಳೆಯುವ ಕರೆಂಟ್ ಒಂದು ಮಿಲಿಆಂಪಿಯರ್ ಆಸುಪಾಸು, ಹಾಗಾಗಿ ಅಡಾಪ್ಟರ್ ಸಾಕೆಟ್ ಇಡಲೇ ಇಲ್ಲ. ಕಾರ್ಯಕ್ರಮ ಮುಗಿದ ಮೇಲೆ ವೈರ್ ಕಿತ್ತಿಟ್ಟರೆ ಒಂದು ಸಾದಾ ಬ್ಯಾಟರಿ ತಿಂಗಳುಗಟ್ಟಲೆ ಬರುತ್ತದೆ.